ರಕ್ತದ ಗುಂಪಿನ ಆಹಾರಪಟ್ಟಿ: ಪಾಲಿಸುವ ಮುನ್ನ ಮತ್ತು ಪಾಲಿಸುವಾಗ

ರಕ್ತದ ಗುಂಪಿಗೆ ತಕ್ಕಂತೆ ಉಂಡರೆ ರೋಗಗಳು ದೂರವಾಗಿ ಮುಪ್ಪು ತಡವಾಗಿ ಬರುತ್ತದೆ ಎಂಬ ವಿಚಾರವನ್ನು 1996ರಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ಪ್ರಕೃತಿ ಚಿಕಿತ್ಸಕ ಪೀಟರ್ ಡಿಅಡಾಮೊ. ಅವರ ಪ್ರಕಾರ ಓ ಗುಂಪಿನವರು ಮಾಂಸವನ್ನು ಹೆಚ್ಚಿಸಿ ಧಾನ್ಯ ಮತ್ತು ಹಾಲನ್ನು ಕಡಿಮೆ ಮಾಡಬೇಕು. ಎ ಗುಂಪಿನವರಿಗೆ ಸಸ್ಯಾಹಾರ, ಬಿ ಗುಂಪಿನವರಿಗೆ ಹಾಲಿನ ಪದಾರ್ಥಗಳು, ಎಬಿ ಗುಂಪಿನವರಿಗೆ ಎರಡರ ಮಿಶ್ರಣ ಒಗ್ಗುತ್ತದೆ.

ಇಂಥ ಪಟ್ಟಿಯನ್ನು ಕೈಗೆತ್ತಿಕೊಳ್ಳುವ ಮುನ್ನ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ತಿಳಿದಿರಬೇಕು. 1,455 ಜನರ ಆಹಾರ ಮತ್ತು ರಕ್ತಪರೀಕ್ಷೆಯ ವಿವರಗಳನ್ನು ಹೋಲಿಸಿದಾಗ, ಎ ಗುಂಪಿನ ಪಟ್ಟಿಗೆ ಹತ್ತಿರವಾಗಿ ಉಣ್ಣುತ್ತಿದ್ದವರಲ್ಲಿ ರಕ್ತದೊತ್ತಡ, ಸೊಂಟದ ಸುತ್ತಳತೆ ಮತ್ತು ಕೊಲೆಸ್ಟರಾಲ್ ಕಡಿಮೆ ಇದ್ದುದು ಕಂಡುಬಂತು. ಆದರೆ ಅವರ ರಕ್ತದ ಗುಂಪು ಯಾವುದೇ ಆಗಿದ್ದರೂ ಆ ಲಾಭ ಬದಲಾಗಲಿಲ್ಲ. ಪಟ್ಟಿಯಿಂದ ಒಳಿತಾಯಿತು ಎನ್ನುವವರ ಅನುಭವ ಸುಳ್ಳಲ್ಲ, ಅದಕ್ಕೆ ಅವರು ಕೊಡುವ ಕಾರಣ ಮಾತ್ರ ತಪ್ಪು. ತರಕಾರಿ, ಹಣ್ಣು, ಕಾಳು ಹೆಚ್ಚಾಗಿ, ಸಕ್ಕರೆ ಮತ್ತು ಕರಿದ ತಿಂಡಿ ಕಡಿಮೆಯಾದರೆ ಯಾವ ಗುಂಪಿನವರಿಗೂ ಹಿತವೇ.

ಹಾಗೆಂದು ರಕ್ತದ ಗುಂಪಿಗೂ ಆರೋಗ್ಯಕ್ಕೂ ನಂಟೇ ಇಲ್ಲವೆಂದಲ್ಲ. ರಕ್ತ ಹೆಪ್ಪುಗಟ್ಟಲು ನೆರವಾಗುವ ಒಂದು ಪ್ರೋಟೀನ್ ಓ ಗುಂಪಿನವರಲ್ಲಿ ಸರಾಸರಿ ಶೇ. 25ರಷ್ಟು ಕಡಿಮೆ ಇರುವುದರಿಂದ, ಉಳಿದ ಗುಂಪಿನವರಿಗೆ ರಕ್ತನಾಳಗಳಲ್ಲಿ ಹೆಪ್ಪು ಕಟ್ಟುವ ಸಾಧ್ಯತೆ ತುಸು ಹೆಚ್ಚು. ಎ ಗುಂಪಿನವರಲ್ಲಿ ಜಠರದ ಕ್ಯಾನ್ಸರ್ ಸ್ವಲ್ಪ ಹೆಚ್ಚಾಗಿ ಕಾಣಿಸುತ್ತದೆ. ಆದರೆ ಈ ಸಂಬಂಧಗಳಾವುವೂ ಗುಂಪಿಗೊಂದು ಊಟವನ್ನು ಗೊತ್ತುಮಾಡುವುದಿಲ್ಲ.

ಆದ್ದರಿಂದ ಮೊದಲು ರಕ್ತದೊತ್ತಡ, ಸೊಂಟದ ಸುತ್ತಳತೆ, ಕೊಲೆಸ್ಟರಾಲ್ ಮತ್ತು ಎಚ್‌ಬಿಎ1ಸಿ ಪರೀಕ್ಷೆಯ ಫಲಿತಾಂಶವನ್ನು ಬರೆದಿಟ್ಟುಕೊಳ್ಳಿ. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವುದರಿಂದ, ಆಹಾರ ಬದಲಿಸಿದ ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸಿದರೆ ಆ ಬದಲಾವಣೆ ನಿಮ್ಮ ದೇಹಕ್ಕೆ ಒಗ್ಗಿತೇ ಎಂಬುದು ತಿಳಿಯುತ್ತದೆ.

ಅನಂತರ ಪಟ್ಟಿಯ 'ಬೇಡ' ಎಂಬ ಭಾಗವನ್ನು ಓದಿ. ತೊಂದರೆ ಇರುವುದು ಹೆಚ್ಚಾಗಿ ಅಲ್ಲಿಯೇ. ಓ ಗುಂಪಿನವರೆಂದು ಹಾಲನ್ನು ಬಿಟ್ಟವರು ಕ್ಯಾಲ್ಸಿಯಂಗೆ ಬೇರೆ ಮೂಲ ಹುಡುಕಿಕೊಳ್ಳದಿದ್ದರೆ ಮೂಳೆಗಳು ಸವೆಯುವ ವಯಸ್ಸಿನಲ್ಲಿ ಕಷ್ಟವಾಗುತ್ತದೆ. ಎ ಗುಂಪಿನವರೆಂದು ಮಾಂಸ, ಮೊಟ್ಟೆ, ಹಾಲು ಎಲ್ಲವನ್ನೂ ಬಿಟ್ಟವರಿಗೆ ಬಿ12 ಪೂರಕ ಬೇಕೇ ಬೇಕು, ಏಕೆಂದರೆ ಅದರ ಕೊರತೆ ನರಗಳಿಗೆ ಹಾನಿ ಮಾಡುತ್ತದೆ.

ಕಾಳುಗಳಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನ್ ಕೆಲವು ಗುಂಪಿನ ರಕ್ತಕಣಗಳನ್ನು ಅಂಟಿಸುತ್ತದೆ ಎಂಬುದು ಈ ವಾದದ ಮುಖ್ಯ ಆಧಾರ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ನಿಜಕ್ಕೂ ಅಪಾಯಕಾರಿ ಪ್ರಮಾಣದಲ್ಲಿದೆ, ಆದರೆ ಅದು ಯಾವ ಗುಂಪಿನವರನ್ನೂ ಬಿಡುವುದಿಲ್ಲ. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕೊತಕೊತನೆ ಕುದಿಸಿದರೆ ಅದು ನಾಶವಾಗುತ್ತದೆ. ಸಣ್ಣ ಉರಿಯಲ್ಲಿ ಕುದಿ ಬಾರದಂತೆ ಬೇಯಿಸಿದರೆ ಸಾಲದು.

ಮುಪ್ಪನ್ನು ಚೆನ್ನಾಗಿ ಎದುರಿಸಬೇಕೆಂಬ ಉದ್ದೇಶವಿದ್ದರೆ ಗಮನವನ್ನು ಸ್ನಾಯುಗಳ ಕಡೆಗೆ ತಿರುಗಿಸುವುದು ಮೇಲು. ವಯಸ್ಸಾದವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂದು ಅನೇಕ ತಜ್ಞರು ಹೇಳುತ್ತಾರೆ. 60 ಕಿಲೋ ತೂಗುವವರಿಗೆ ಅದು 60ರಿಂದ 72 ಗ್ರಾಂ. ಉಪ್ಪು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ, ಹಣ್ಣು ತರಕಾರಿ ಸೇರಿ ಕನಿಷ್ಠ 400 ಗ್ರಾಂ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಮೂತ್ರಪಿಂಡದ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಏರಿಸಲೂಬಾರದು, ಇಳಿಸಲೂಬಾರದು: ಸೊಪ್ಪಿನಲ್ಲಿರುವ ಕೆ ಜೀವಸತ್ವವು ಆ ಔಷಧದ ಪರಿಣಾಮವನ್ನು ಬದಲಿಸುತ್ತದೆ.