ಕಾಳಿನಾಡಿನ ಆಕಾಶ ಕಾಯುವ ಆಟ: ಆಡಿಸುವ ಬಗೆ

ವಾಯುಪಡೆಯಲ್ಲಿ ಹದಿನೈದು ವರ್ಷ ರೇಡಾರ್ ಪರದೆಯ ಮುಂದೆ ಕುಳಿತು ಬಂದವನು ನಾನು. ಈಗ ಕಾರವಾರದ ಕೋಡಿಬಾಗದಲ್ಲಿ ಮನೆ. ಮಳೆಗಾಲದ ಭಾನುವಾರಗಳಂದು ನೆಂಟರ, ನೆರೆಯವರ ಮಕ್ಕಳನ್ನು ಜಗುಲಿಯಲ್ಲಿ ಕೂರಿಸಿಕೊಂಡು ಯುದ್ಧವಿಮಾನಗಳ ಆಟ ಆಡಿಸುತ್ತೇನೆ. ಪ್ರತಿಯೊಬ್ಬರಿಗೂ ಒಂದೊಂದು ಪಾತ್ರ: ನಾಲ್ವರು ಪೈಲಟ್‌ಗಳು, ಒಬ್ಬರು ನೆಲದ ನಿಯಂತ್ರಕರು. ಶತ್ರುವಿನ ನಡೆಗಳನ್ನು ನಿರ್ಧರಿಸುವವನು ಆಟ ಆಡಿಸುವ ನಾನು.

ನಕಾಶೆಯನ್ನು ಎಲ್ಲರ ನಡುವೆ ಹರಡಬೇಡಿ. ಹಾಗೆ ಮಾಡಿದರೆ ಅದು ಚದುರಂಗವಾಗುತ್ತದೆ. ಆಕಾಶದಲ್ಲಿರುವವನಿಗೆ ಕಾಣುವುದು ತನ್ನ ಗಾಜಿನಾಚೆಯ ತುಣುಕು ಮಾತ್ರ; ಉಳಿದದ್ದು ಕಿವಿಗೆ ಬೀಳುವ ದನಿ. ಆದ್ದರಿಂದ ಪೈಲಟ್‌ಗಳನ್ನು ಗೋಡೆಗೆ ಮುಖ ಮಾಡಿ ಕೂರಿಸಿ. ನಕಾಶೆ ನಿಯಂತ್ರಕರ ಮುಂದಷ್ಟೇ ಇರಲಿ. ಗಡಿಯಾರದ ಲೆಕ್ಕದಲ್ಲಿ ಮಾತಾಡಲು ಕಲಿಸಿ: ಮೂಗಿನ ನೇರ ಹನ್ನೆರಡು, ಬಲಕ್ಕೆ ಮೂರು, ಬೆನ್ನ ಹಿಂದೆ ಆರು. ‘ಹನ್ನೊಂದು ಗಂಟೆ, ಮೇಲೆ, ಹತ್ತು ಕಿಲೋಮೀಟರ್’ ಎಂದರೆ ಸಾಕು. ಹತ್ತು ಪದ ದಾಟಿದ ಸಂದೇಶ ತಲುಪಲಿಲ್ಲ ಎಂದೇ ಲೆಕ್ಕ. ಈ ನಿಯಮವನ್ನು ಸಡಿಲಿಸಬೇಡಿ.

ನಾಡಿನ ಹೆಸರು ಕಲ್ಪಿತವಾಗಿರಲಿ. ನಮ್ಮದು ಕಾಳಿನಾಡು, ಕಾಳಿ ನದಿಯ ಮುಖ, ಕಡಲಿನ ದ್ವೀಪಗಳು, ಹಿಂದೆ ಘಟ್ಟ. ಶತ್ರುವಿಗೂ ನಿಜವಾದ ದೇಶದ ಹೆಸರು ಕೊಡುವುದಿಲ್ಲ, ಇಲ್ಲಿನ ನೌಕಾನೆಲೆಯನ್ನು ನಕಾಶೆಯಲ್ಲಿ ಗುರುತಿಸುವುದೂ ಇಲ್ಲ. ಮಕ್ಕಳ ನಾಲಗೆಗೆ ಒಂದು ಜನಾಂಗದ ಮೇಲಿನ ಸಿಟ್ಟು ಅಂಟುವುದು ನನಗೆ ಬೇಡ. ಕಾಯಬೇಕಾದ ಊರು ಮಾತ್ರ ಕಣ್ಣಿಗೆ ಕಟ್ಟುವಂತಿರಬೇಕು. ಆಟಕ್ಕೆ ಮೊದಲು ಪ್ರತಿ ಪೈಲಟ್ ನಕಾಶೆಯ ಒಂದು ಊರಿನಲ್ಲಿ ತನ್ನವರೊಬ್ಬರು ಈ ಹೊತ್ತಿನಲ್ಲಿ ಏನು ಮಾಡುತ್ತಿದ್ದಾರೆಂದು ಬರೆದು ನಿಯಂತ್ರಕರಿಗೆ ಕೊಡಬೇಕು.

ಒಂದು ಸರದಿ ಎಂದರೆ ಆಕಾಶದ ಒಂದು ನಿಮಿಷ. ಗಂಟೆಗೆ 900 ಕಿ.ಮೀ. ವೇಗದ ವಿಮಾನ ನಿಮಿಷಕ್ಕೆ 15 ಕಿ.ಮೀ. ಸಾಗುತ್ತದೆ, ಕಾರವಾರದಿಂದ ಅಂಕೋಲೆಗೆ ಎರಡು ಸರದಿಯೂ ಬೇಡ. ಇಂಧನಕ್ಕೆ ಹುಣಸೆ ಬೀಜ. ಒಬ್ಬೊಬ್ಬರಿಗೆ ಹನ್ನೆರಡು, ಸರದಿಗೊಂದು ಖರ್ಚು, ಆಫ್ಟರ್‌ಬರ್ನರ್ (ಹೆಚ್ಚು ಇಂಧನ ಸುಟ್ಟು ವೇಗ ಹೆಚ್ಚಿಸುವ ಸಾಧನ) ಹಾಕಿದರೆ ಮೂರು. ಗುರಿ ತಾಗಿತೇ ಎಂದು ತಿಳಿಯಲು ಐದು ಕವಡೆ ಎಸೆಯಿರಿ. ಮೂರು ಅಂಗಾತ ಬಿದ್ದರೆ ತಾಗಿತು. ಬಿರುಸಾಗಿ ತಿರುಗಿದ ಪೈಲಟ್ ಮುಂದಿನ ಸರದಿಯಲ್ಲಿ ಕಣ್ಣು ಮುಚ್ಚಿ ಮೌನವಾಗಿರಬೇಕು. ಆರು ಜಿ, ಅಂದರೆ ಗುರುತ್ವದ ಆರು ಪಟ್ಟು ಒತ್ತಡದ ತಿರುವಿನಲ್ಲಿ 60 ಕಿಲೋ ತೂಕದವನಿಗೆ ತನ್ನ ಮೈ 360 ಕಿಲೋ ಎನಿಸುತ್ತದೆ, ತಲೆಯಿಂದ ರಕ್ತ ಇಳಿದು ನೋಟ ಮಂಕಾಗುತ್ತದೆ.

ರೇಡಾರನ್ನು ಎಲ್ಲಿಡಬೇಕೆಂಬುದನ್ನು ಆಟಗಾರರೇ ತೀರ್ಮಾನಿಸಲಿ. ಅದರ ಮೇಲೆ ಅರ್ಧ ಆಟ ನಿಂತಿದೆ. ಭೂಮಿ ದುಂಡಗಿರುವುದರಿಂದ, 100 ಮೀಟರ್ ಎತ್ತರದಲ್ಲಿ ಬರುವ ವಿಮಾನ ಕಡಲಂಚಿನ ರೇಡಾರಿಗೆ ಸುಮಾರು 40 ಕಿ.ಮೀ. ಸಮೀಪಿಸುವವರೆಗೆ ಕಾಣದು. ಅಂದರೆ ಕೈಯಲ್ಲಿ ಮೂರು ನಿಮಿಷವೂ ಇಲ್ಲ. ಅದೇ ರೇಡಾರನ್ನು 200 ಮೀಟರ್ ಎತ್ತರದ ಗುಡ್ಡಕ್ಕೇರಿಸಿದರೆ ಸುಮಾರು 100 ಕಿ.ಮೀ. ದೂರದಲ್ಲೇ ಸಿಗುತ್ತದೆ. ಆದರೆ ಗುಡ್ಡದ ರೇಡಾರ್ ಎಲ್ಲರ ಕಣ್ಣಿಗೂ ಬೀಳುತ್ತದೆ, ಮೊದಲ ದಾಳಿ ಅದಕ್ಕೇ.

ಸೂರ್ಯನನ್ನು ಮರೆಯಬೇಡಿ. ನಮ್ಮ ಕರಾವಳಿಯಲ್ಲಿ ಬೆಳಗಿನ ಬಿಸಿಲು ಘಟ್ಟದ ಮೇಲಿಂದ, ಕಾಯುವವರ ಬೆನ್ನ ಹಿಂದಿನಿಂದ ಬರುತ್ತದೆ. ಕಡಲಿನಿಂದ ಬರುವವನ ಕಣ್ಣು ಕುಕ್ಕುತ್ತದೆ. ಸಂಜೆ ಎಲ್ಲವೂ ತಿರುಗುಮುರುಗು. ಟ್ಯಾಗೋರ್ ಕಡಲತೀರದಲ್ಲಿ ಸಂಜೆ ಐದೂವರೆಗೆ ನಿಂತು ಪಡುವಣಕ್ಕೆ ನೋಡಿದ ಮಗುವಿಗೆ ಇದನ್ನು ವಿವರಿಸಬೇಕಿಲ್ಲ. ಹಾಗೆ ಹೋದಾಗ ಅಲ್ಲಿರುವ ಟುಪೊಲೆವ್ ವಿಮಾನವನ್ನೂ ತೋರಿಸಿ. 1988ರಿಂದ 2017ರವರೆಗೆ ನೌಕಾಪಡೆಗಾಗಿ ಕಡಲು ಕಾದ ಬಗೆಯ ವಿಮಾನವದು. ರೆಕ್ಕೆಯ ತುದಿಯಿಂದ ತುದಿಗೆ 50 ಮೀಟರ್. ನ್ಯಾಟ್ ಯುದ್ಧವಿಮಾನದ ರೆಕ್ಕೆಗಳು ಏಳು ಮೀಟರೂ ಇರಲಿಲ್ಲ. ಅದನ್ನು ಮರಳಿನ ಮೇಲೆ ಹೆಜ್ಜೆಯಲ್ಲಿ ಅಳೆಸಿ. 1971ರ ಡಿಸೆಂಬರ್ 14ರಂದು ಶ್ರೀನಗರದಲ್ಲಿ, ರನ್‌ವೇ ಮೇಲೆ ದಾಳಿ ನಡೆಯುತ್ತಿರುವಾಗಲೇ ನಮ್ಮ ವಾಯುಪಡೆಯ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಮೇಲೆಬ್ಬಿಸಿದ್ದು ಅಷ್ಟು ಪುಟ್ಟ ವಿಮಾನವನ್ನು.

ಕಳೆದ ಜುಲೈಯಲ್ಲಿ ನನ್ನ ತಂಗಿಯ ಮಗಳು ನಿಯಂತ್ರಕಿಯಾಗಿದ್ದಳು, ಅವಳ ತಮ್ಮ ಪೈಲಟ್. ಅವನ ಅಂಗೈಯಲ್ಲಿ ಎರಡೇ ಬೀಜ ಉಳಿದಿದ್ದವು, ನೆಲೆಗೆ ಮರಳಲು ಎರಡೂ ಬೇಕು. ‘ಹಿಂದಿರುಗು’ ಎಂದಳು. ‘ಒಂದು ವಿಮಾನ ಊರಿನ ಕಡೆ ಹೋಗುತ್ತಿದೆ, ನನಗೆ ಕಾಣುತ್ತಿದೆ’ ಎಂದ ಅವನು. ಅವಳ ಮುಂದೆ ನಕಾಶೆಯಿತ್ತು, ಪಕ್ಕದಲ್ಲಿ ಅವನು ಬರೆದಿಟ್ಟ ಚೀಟಿ: ‘ಅಜ್ಜಿ ಹಿತ್ತಿಲಲ್ಲಿ ಮಲ್ಲಿಗೆ ಕೊಯ್ಯುತ್ತಿದ್ದಾಳೆ.’ ನನ್ನತ್ತ ತಿರುಗಿ, ‘ಮಾವ, ನಾನು ಏನು ಹೇಳಲಿ?’ ಎಂದಳು. ನಾನು ಹೇಳಲಿಲ್ಲ. ನೀವೂ ಹೇಳಬೇಡಿ. ಮರಳು ಗಡಿಯಾರವನ್ನು ತಿರುಗಿಸಿ ಕಾಯಿರಿ, ಅಷ್ಟೇ.

ಆಟ ಮುಗಿದೊಡನೆ ಮಾತು ಶುರುವಾಗಲು ಬಿಡದೆ ಕಾಗದ ಹಂಚಿ. ಯಾರು ಏನು ಕಂಡರು, ಯಾವ ಸರದಿಯಲ್ಲಿ ಎಂದು ಪ್ರತಿಯೊಬ್ಬರೂ ಬೇರೆಬೇರೆಯಾಗಿ ಬರೆಯಬೇಕು. ಇದು ಏಕೆ ಬೇಕೆಂದು ಕೇಳಿದವರಿಗೆ ನಾನು ಕೊಡಗಿನ ವಾಯುಪಡೆ ಪೈಲಟ್ ಅಜ್ಜಮಾಡ ದೇವಯ್ಯ ಅವರ ವಿಷಯ ಹೇಳುತ್ತೇನೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ವಾಯುನೆಲೆ ಸರ್ಗೋಧಾದ ಮೇಲಿನ ದಾಳಿಗೆ ಹೋದ ಅವರು ಮರಳಲಿಲ್ಲ. ತಮ್ಮ ಮಿಸ್ಟೇರ್ ವಿಮಾನದಲ್ಲಿ, ಅದಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್ ಯುದ್ಧವಿಮಾನವೊಂದನ್ನು ಎದುರಿಸಿ ಕೆಡವಿದ್ದನ್ನು ಬಂದು ತಿಳಿಸಲು ಅವರು ಇರಲಿಲ್ಲ. ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಇಪ್ಪತ್ತಮೂರು ವರ್ಷ!

ಬರೆದದ್ದನ್ನು ಸರದಿಯ ಕ್ರಮದಲ್ಲಿ ಗಟ್ಟಿಯಾಗಿ ಓದಿಸಿ. ಮರಳಿ ಬಾರದವನ ಕಾಗದವನ್ನು ಓದಬಾರದು, ಮಡಚಿ ಪಕ್ಕಕ್ಕಿಡಬೇಕು. ಅವನು ಕಂಡದ್ದನ್ನು ಉಳಿದವರು ತಮ್ಮ ಕಾಗದಗಳಿಂದಲೇ ಜೋಡಿಸಿಕೊಳ್ಳಲಿ. ಅದಾದ ಮೇಲೆ ಪೈಲಟ್‌ಗಳನ್ನು ಗೋಡೆಯಿಂದ ಈಚೆ ತಿರುಗಿಸಿ, ನಕಾಶೆಯನ್ನು ನೆಲದ ಮೇಲೆ ಬಿಡಿಸಿ ತೋರಿಸಿ.