ಅಂಗಾಲುರಿಗೆ ಯಾವ ಬೇರು, ಯಾವ ಕ್ಯಾಪ್ಸೂಲ್

ಕಲಬುರಗಿಯಲ್ಲಿ ಮೆಡಿಕಲ್ ಅಂಗಡಿ ನಡೆಸುತ್ತೇನೆ. ಶುಗರ್ ಬಂದು ಬಹಳ ವರ್ಷವಾಯಿತು, ಅಂಗಾಲುರಿ ಅದರ ಬೆನ್ನಿಗೇ ಬಂತು. ಹಗಲು ಗಿರಾಕಿಗಳ ಗದ್ದಲದಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ರಾತ್ರಿ ಹಾಸಿಗೆಗೆ ಬಿದ್ದ ಮೇಲೆ ಬೆರಳಿಂದ ಶುರುವಾಗಿ ಮೇಲೇರುತ್ತದೆ, ಚಾದರ ತಾಕಿದರೂ ಚುರ್ ಎನ್ನುತ್ತದೆ. ಡಾಕ್ಟರು ನರನೋವಿನ ಗುಳಿಗೆ ಪ್ರಿಗ್ಯಾಬಲಿನ್ ಕೊಟ್ಟರು. ನೋವು ಸುಮಾರು ಅರ್ಧ ಇಳಿಯಿತು, ಆದರೆ ಮುಂಜಾನೆ ಮಂಪರು ಗಂಟುಬಿತ್ತು. ಉಳಿದ ಅರ್ಧಕ್ಕೆ ಗಿಡಮೂಲಿಕೆಯಲ್ಲಿ ಏನಾದರೂ ಸಿಗುತ್ತದೇನೋ ಎಂದು ನೋಡಲು ನನಗೆ ದೂರ ಹೋಗಬೇಕಿರಲಿಲ್ಲ. ನನ್ನದೇ ಅಂಗಡಿಯ ಒಂದು ಕಪಾಟು ಅಂಥ ಡಬ್ಬಿಗಳಿಂದ ತುಂಬಿದೆ.

ಡಬ್ಬಿಗೆ ಕೈ ಹಾಕುವ ಮುಂಚೆ ಉರಿ ಎಲ್ಲಿಂದ ಬರುತ್ತಿದೆ ಎಂದು ಖಾತ್ರಿ ಮಾಡಿಕೊಂಡೆ. ಶುಗರ್ ಇದ್ದ ಮಾತ್ರಕ್ಕೆ ಎಲ್ಲ ಉರಿಯೂ ಶುಗರ್‌ನದೇ ಆಗಬೇಕೆಂದಿಲ್ಲ. ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಕೆಲವರ ಕರುಳು ಬಿ12 ಅನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಮೇಲಿಂದ ನಮ್ಮದು ಜೋಳದ ರೊಟ್ಟಿ, ಪಲ್ಯ, ಶೇಂಗಾ ಹಿಂಡಿಯ ಮನೆ. ಬಿ12 ಸಿಗುವುದು ಹಾಲು ಮೊಸರಿನಿಂದ ಮಾತ್ರ. ಅದು ಕಡಿಮೆಯಾದರೆ ಕಾಲು ಹೀಗೆಯೇ ಜುಮುಗುಟ್ಟುತ್ತದೆ. ಥೈರಾಯ್ಡ್ ಕಡಿಮೆಯಾದರೂ ಅಷ್ಟೇ. ಹಾಗಾಗಿ ಬಿ12, ಥೈರಾಯ್ಡಿನ ಟಿಎಸ್‌ಎಚ್, ಕಿಡ್ನಿಯ ಕ್ರಿಯಾಟಿನಿನ್, ಶುಗರಿನ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಎಲ್ಲ ಮಾಡಿಸಿದೆ. ಬಿ12 ಕೆಳಗಿತ್ತು, ಇಂಜೆಕ್ಷನ್ ಶುರುವಾಯಿತು. ಆ ಕೊರತೆ ತುಂಬಿದ ಮೇಲೂ ಉಳಿದ ಉರಿ ಎಷ್ಟು ಎಂದು ತಿಳಿಯದೆ ಬೇರೆ ಯಾವುದನ್ನೂ ಹಚ್ಚುವುದು ಬೇಡ, ನುಂಗುವುದೂ ಬೇಡ ಎಂದು ಕಾದೆ. ಇಲ್ಲದಿದ್ದರೆ ಇಂಜೆಕ್ಷನ್ ಮಾಡಿದ ಉಪಕಾರ ಅಶ್ವಗಂಧದ ಖಾತೆಗೆ ಜಮಾ ಆಗುತ್ತಿತ್ತು.

ಆಮೇಲೆ ಆಯ್ಕೆಗೆ ಕುಳಿತೆ. ನಾನು ದಿನಾ ನುಂಗುವ ಗುಳಿಗೆಗಳ ಪಟ್ಟಿ ಕೌಂಟರ್ ಮೇಲೆ ಇಟ್ಟುಕೊಂಡೆ: ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಪ್ರಿಗ್ಯಾಬಲಿನ್, ಥೈರಾಕ್ಸಿನ್, ರಕ್ತ ಹೆಪ್ಪುಗಟ್ಟದಿರಲೆಂದು ರಾತ್ರಿ ಒಂದು ಸಣ್ಣ ಆಸ್ಪಿರಿನ್. ಕಪಾಟಿನ ಒಂದೊಂದೇ ಡಬ್ಬಿ ತೆಗೆದು ಇದು ನೋವಿಗೆ ಆಗುತ್ತದೋ ಇಲ್ಲವೋ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಈ ಐದರ ಜೊತೆ ಇದು ಹೊಂದುತ್ತದೋ ಎಂದು ಮೊದಲು ನೋಡಿದೆ. ಮುಕ್ಕಾಲು ಕಪಾಟು ಅಲ್ಲೇ ಖಾಲಿಯಾಯಿತು.

ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಮಂಪರನ್ನೂ ತರುತ್ತದೆ. ಥೈರಾಕ್ಸಿನ್, ಪ್ರಿಗ್ಯಾಬಲಿನ್ ಎರಡೂ ನುಂಗುವ ನನಗೆ ಅದು ಬೇಡ. ಗಿಂಕ್ಗೊ ಎಂಬ ಮರದ ಎಲೆಯ ಸಾರ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆಂಬ ಅನುಮಾನವಿದೆ, ಆಸ್ಪಿರಿನ್ ಇರುವವರು ದೂರ ಇರುವುದೇ ವಾಸಿ. 'ಡಯಾಬಿಟಿಕ್ ನರ' ಎಂದು ದೊಡ್ಡಕ್ಷರದಲ್ಲಿ ಬರೆದ ಕ್ಯಾಪ್ಸೂಲಿನಲ್ಲಿ ಮಧುನಾಶಿನಿಯೂ ಮೆಂತ್ಯದ ಸಾರವೂ ಇತ್ತು. ಎರಡೂ ಶುಗರ್ ಇಳಿಸುತ್ತವೆ, ಗ್ಲಿಮೆಪಿರೈಡೂ ಇಳಿಸುತ್ತದೆ. ಮೂರೂ ಕೂಡಿದರೆ ನಡುರಾತ್ರಿ ಬೆವರು, ನಡುಕ. ಆನ್‌ಲೈನಿನಲ್ಲಿ ತರಿಸಿಕೊಳ್ಳುವ ಸೇಂಟ್ ಜಾನ್ಸ್ ವರ್ಟ್ ಎಂಬ ಖಿನ್ನತೆಯ ಮೂಲಿಕೆಯ ಬಗ್ಗೆಯೂ ಗಿರಾಕಿಗಳು ಕೇಳುತ್ತಾರೆ. ನರನೋವಿಗೆಂದೇ ಡುಲಾಕ್ಸೆಟಿನ್ ಅಥವಾ ಅಮಿಟ್ರಿಪ್ಟಿಲಿನ್ ತಗೊಳ್ಳುವವರು ಅದನ್ನು ಸೇರಿಸಿಕೊಂಡರೆ ಮಿದುಳಿನಲ್ಲಿ ಸಿರೊಟೋನಿನ್ ಎಂಬ ರಾಸಾಯನಿಕ ಅತಿಯಾಗುವ ಅಪಾಯ. ಅದನ್ನು ನಾನು ಯಾರಿಗೂ ತರಿಸಿಕೊಡುವುದಿಲ್ಲ.

ಅರಿಶಿನದ ವಿಷಯಕ್ಕೆ ಸ್ವಲ್ಪ ಹೊತ್ತು ಬೇಕು, ಏಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ಅರಿಶಿನದಲ್ಲಿ ಅದರ ಮುಖ್ಯ ಸತ್ವವಾದ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರು ಪಾಲಿನ ಆಸುಪಾಸು, ಅದೂ ಹೊಟ್ಟೆಯಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಕರಿಮೆಣಸಿನ ಪೈಪರಿನ್ ಸೇರಿಸಿದರೆ ಇಪ್ಪತ್ತು ಪಟ್ಟು ಹೆಚ್ಚು ಸೇರುತ್ತದೆಂದು 1998ರ ಒಂದು ಅಧ್ಯಯನ ಹೇಳಿತು. ಆ ಸಂಖ್ಯೆಯನ್ನೇ ಕಂಪನಿಗಳು ಡಬ್ಬಿಯ ಮೇಲೆ ಮೆರೆಸುತ್ತವೆ. ಡಬ್ಬಿ ಹೇಳದ ಮಾತೆಂದರೆ, ಪೈಪರಿನ್ ಔಷಧಗಳನ್ನು ಒಡೆಯುವ ಕಿಣ್ವಗಳಿಗೇ ಅಡ್ಡಗಾಲು ಹಾಕುತ್ತದೆ. ಹಾಗಾಗಿ ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನಂಥ ಗುಳಿಗೆಯೂ ರಕ್ತದಲ್ಲಿ ಏರಬಹುದು. ಹೀಗೆ ಹೆಚ್ಚು ಹೀರಿಕೊಳ್ಳುವಂತೆ ಮಾಡಿದ ಅರಿಶಿನದ ಗುಳಿಗೆಗಳಿಂದ ಕೆಲವರ ಲಿವರ್ ಕೆಟ್ಟ ವರದಿಗಳೂ ಇವೆ. ಪೈಪರಿನ್ ಇಲ್ಲದ ಡಬ್ಬಿಯೊಂದನ್ನು ಡಾಕ್ಟರಿಗೆ ಹೇಳಿಯೇ ತೆಗೆದುಕೊಂಡು ನೋಡಿದೆ. ಮೊಣಕಾಲು ಹಗುರಾಯಿತೇನೋ ಅನ್ನಿಸಿತು, ಅಂಗಾಲಿಗೆ ಏನೂ ಆಗಲಿಲ್ಲ. ಡಬ್ಬಿ ಮುಗಿದ ಮೇಲೆ ಬಿಟ್ಟೆ. ಬೇಳೆಗೆ ಹಾಕುವ ಅರಿಶಿನ ಹಾಗೆಯೇ ಇದೆ, ಅದಕ್ಕೆ ಯಾರ ತಕರಾರೂ ಇಲ್ಲ.

ಉಳಿದದ್ದು ಖಾರ. ಮೆಣಸಿನಕಾಯಿಯ ಕ್ಯಾಪ್ಸೈಸಿನ್. ನೋವು ಮತ್ತು ಬಿಸಿಯನ್ನು ಗ್ರಹಿಸುವ ನರದ ತುದಿಯಲ್ಲಿ ಟಿಆರ್‌ಪಿವಿ1 ಎಂಬ ಗ್ರಾಹಕವಿದೆ, ಕ್ಯಾಪ್ಸೈಸಿನ್ ಹೋಗಿ ಕೂರುವುದು ಅದರ ಮೇಲೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಮೊದಮೊದಲು ನರ ಕೂಗುತ್ತದೆ. ಮತ್ತೆ ಮತ್ತೆ ಹಚ್ಚುತ್ತ ಹೋದರೆ ದಣಿದು ಸುಮ್ಮನಾಗುತ್ತದೆ. ಶೇಕಡಾ 8ರಷ್ಟು ಕ್ಯಾಪ್ಸೈಸಿನ್ ಇರುವ ಅಂಟುಪಟ್ಟಿಗೆ ಅಮೆರಿಕದಲ್ಲಿ ಶುಗರ್‌ನವರ ಪಾದದ ನೋವಿಗೆಂದು 2020ರಲ್ಲಿ ಒಪ್ಪಿಗೆ ಸಿಕ್ಕಿತು, ಅದನ್ನು ಆಸ್ಪತ್ರೆಯಲ್ಲೇ ಹಚ್ಚಬೇಕು. ನಾನು ಹಚ್ಚಿದ್ದು ಶೇಕಡಾ 0.075ರ ಮುಲಾಮು. ಕೊಳ್ಳುವಾಗ ಟ್ಯೂಬಿನ ಹಿಂದಿನ ಸಣ್ಣಕ್ಷರ ಓದಿ. ಡೈಕ್ಲೋಫೆನ್ಯಾಕ್, ಮೆಂಥಾಲ್, ಅಗಸೆ ಎಣ್ಣೆ ಎಲ್ಲ ಸೇರಿಸಿ ಅದರಲ್ಲಿ ಹನಿಯಷ್ಟು ಕ್ಯಾಪ್ಸೈಸಿನ್ ಹಾಕಿದ ಜೆಲ್ಲುಗಳೇ ಹೆಚ್ಚು ಮಾರಾಟವಾಗುತ್ತವೆ. ಅವು ಸೊಂಟ ಉಳುಕಿದಾಗಿನ ಮಾತು, ನರದ ಉರಿಗಲ್ಲ.

ದಿನಕ್ಕೆ ಮೂರು ನಾಲ್ಕು ಸಲ, ವಾರಗಟ್ಟಲೆ ಹಚ್ಚಬೇಕು. ಒಂದು ಸಲ ಹಚ್ಚಿ 'ಇನ್ನೂ ಉರಿ ಹೆಚ್ಚಾಯ್ತು' ಎಂದು ಬಿಡುವವರೇ ಬಹಳ. ನಾನು ತೆಳು ಪ್ಲಾಸ್ಟಿಕ್ ಕೈಗವಸು ಹಾಕಿಕೊಂಡು ಹಚ್ಚುತ್ತಿದ್ದೆ, ಆಮೇಲೂ ಸಾಬೂನು ಹಾಕಿ ಕೈ ತೊಳೆಯುತ್ತಿದ್ದೆ. ಹಿಮ್ಮಡಿ ಒಡೆದಲ್ಲಿ ತಪ್ಪಿಯೂ ಹಚ್ಚಬಾರದು. ನಮ್ಮ ಊರಿನ ಹಿಮ್ಮಡಿಗಳ ಸ್ಥಿತಿ ಗೊತ್ತಲ್ಲ, ಅದಕ್ಕೆ ಮೊದಲು ಬಿರುಕು ಮಾಯಿಸಿಕೊಂಡೆ. ರಾತ್ರಿಯ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದೆ, ಆ ಅವಧಿಯಲ್ಲಿ ಬೇರೆ ಯಾವ ಗುಳಿಗೆಯನ್ನೂ ಬದಲಿಸಲಿಲ್ಲ. ಆರು ಏಳರಲ್ಲಿ ಇದ್ದದ್ದು ಮೂರು ನಾಲ್ಕಕ್ಕೆ ಬಂತು. ಜುಮ್ಮೆನ್ನುವುದೂ ಮರಗಟ್ಟುವುದೂ ಹಾಗೆಯೇ ಉಳಿದವು. ಉರಿ ಇಳಿದ ಮಾತ್ರಕ್ಕೆ ನರ ಚಿಗುರಿತು ಎಂದುಕೊಳ್ಳುವಂತಿಲ್ಲ.

ನರದ ಔಷಧವೇ ನರ ಕೆಡಿಸುವುದೂ ಉಂಟು. 'ಗಿಡಮೂಲಿಕೆ' ಎಂದು ಮಾರುವ ಎಷ್ಟೋ ಡಬ್ಬಿಗಳಲ್ಲಿ ಬಿ6 ಸೇರಿಸಿರುತ್ತಾರೆ. ಅದು ಹೆಚ್ಚು ಪ್ರಮಾಣದಲ್ಲಿ ತಿಂಗಳುಗಟ್ಟಲೆ ಹೊಟ್ಟೆಗೆ ಹೋದರೆ ಅದರಿಂದಲೇ ಕಾಲು ಮರಗಟ್ಟುತ್ತದೆ. ಸೀಸ, ಆರ್ಸೆನಿಕ್ ಎರಡೂ ನರದ ವಿಷಗಳು. ಅಮೆರಿಕದ ಬೋಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಸಿಕ್ಕ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಅದಕ್ಕೇ ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಇಲ್ಲದ್ದನ್ನು ನಾನು ಇಡುವುದಿಲ್ಲ. ಶುಗರ್ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದೇ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪ್ರಕಾರ ಅಪರಾಧ. ಹಾಗೆ ಬರೆದ ಡಬ್ಬಿ ಕಂಡರೆ ಉಳಿದದ್ದು ಓದುವ ಅಗತ್ಯವೇ ಇಲ್ಲ.

ಜೇವರ್ಗಿ ಕಡೆಯ ತೊಗರಿ ರೈತರೊಬ್ಬರು ಒಮ್ಮೆ ಪುಡಿಯ ಪೊಟ್ಟಣ ತಂದು ನನಗೇ ಕೊಡಲು ಬಂದರು. "ಅಕ್ಕಾರ, ಒಂದ್ ಚಿಟಿಕಿ ತಗೊಂಡ್ರ ಮುಂಜಾನಿಗಿ ಕಾಲ್ ಹಗುರಾಗ್ತಾವ. ನೀವೂ ನೋಡ್ರಿ."

"ಇದ್ರಾಗ ಏನೇನ್ ಅದ ಕಾಕಾ?"

"ಬರೇ ಬೇರು ಅಂತ ಹೇಳ್ಯಾರ್ರಿ."

ಬೇರು ಒಂದು ರಾತ್ರಿಯಲ್ಲಿ ಅಷ್ಟು ಕೆಲಸ ಮಾಡುವುದಿಲ್ಲ. ಅವರ ಮುಖ ಊದಿತ್ತು, ಗ್ಲುಕೋಮೀಟರ್ ಹಚ್ಚಿದರೆ ಶುಗರ್ ಏರಿತ್ತು. ಇಂಥ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಂಶಯ ಬಂತು. ಬಹಳ ದಿನ ತಿಂದ ಸ್ಟೀರಾಯ್ಡನ್ನು ತಟ್ಟನೆ ನಿಲ್ಲಿಸುವುದೂ ಅಪಾಯ. "ಬಿಡ್ರಿ ಅಂತನೂ ನಾ ಹೇಳಾಂಗಿಲ್ಲ, ತಿನ್ರಿ ಅಂತನೂ ಹೇಳಾಂಗಿಲ್ಲ. ಪೊಟ್ಟಣ ಸಮೇತ ಇವತ್ತೇ ಡಾಕ್ಟರ್ ಹಂತ್ಯಾಕ ಹೋಗ್ರಿ, ಅವರು ಹೇಳ್ದಂಗ ಮಾಡ್ರಿ" ಎಂದು ಕಳಿಸಿದೆ.

ಎಕ್ಕೆಲೆ ಬಿಸಿ ಮಾಡಿ ಪಾದಕ್ಕೆ ಕಟ್ಟುವುದು ನಮ್ಮ ಕಡೆ ಹಳೆಯ ರೂಢಿ, ಬಿಸಿ ಉಪ್ಪುನೀರಲ್ಲಿ ಕಾಲಿಡುವುದೂ ಅಷ್ಟೇ. ಮರಗಟ್ಟಿದ ಪಾದಕ್ಕೆ ಎಷ್ಟು ಬಿಸಿ ಎಂದು ಗೊತ್ತಾಗುವುದೇ ಇಲ್ಲ, ಎಕ್ಕದ ಹಾಲು ಬೇರೆ ಚರ್ಮ ಸುಡುತ್ತದೆ. ಬೊಬ್ಬೆ ಎದ್ದು ಹುಣ್ಣಾದ ಮೇಲೆ ಬ್ಯಾಂಡೇಜ್ ಕೊಳ್ಳಲು ಬಂದವರನ್ನು ಕೌಂಟರ್‌ನಲ್ಲಿ ನೋಡಿದ್ದೇನೆ. ಲಕ್ಕಿ ಸೊಪ್ಪಿನ ಎಣ್ಣೆಯಲ್ಲಿ ಮೆಲ್ಲಗೆ ತಿಕ್ಕಿಸಿಕೊಂಡರೆ ಹಿತವೆನಿಸುತ್ತದೆ, ಅದಕ್ಕೆ ನಾನು ಬೇಡ ಅನ್ನುವುದಿಲ್ಲ. ಎಣ್ಣೆ ಬಿಸಿ ಇದೆಯೋ ಎಂದು ಮಾತ್ರ ಕಾಲಿನಿಂದ ನೋಡಬೇಡಿ, ಮೊಣಕೈಯಿಂದ ನೋಡಿ.

ಈಗ ಮುಲಾಮು ನಡೆದಿದೆ, ಡಾಕ್ಟರು ಪ್ರಿಗ್ಯಾಬಲಿನ್ ಪ್ರಮಾಣ ಇಳಿಸಿದ್ದರಿಂದ ಮುಂಜಾನೆಯ ಮಂಪರೂ ಕಡಿಮೆಯಾಗಿದೆ. ಏಪ್ರಿಲ್, ಮೇನಲ್ಲಿ ಇಲ್ಲಿ ಬಿಸಿಲು ನಲವತ್ತು ದಾಟಿದಾಗ ಬೆವರಿಗೂ ಬಿಸಿನೀರಿಗೂ ಖಾರ ಎರಡು ಪಟ್ಟು ಕಚ್ಚುತ್ತದೆ. ಆಗ ಹಗಲಿನದನ್ನು ಬಿಟ್ಟು, ಸಂಜೆ ತಣ್ಣೀರಲ್ಲಿ ಕಾಲು ತೊಳೆದು ಒರೆಸಿ, ರಾತ್ರಿಯದನ್ನು ಮಾತ್ರ ಹಚ್ಚುತ್ತೇನೆ. ಮಳೆ ಬಿದ್ದ ಮೇಲೆ ಮತ್ತೆ ಪೂರ್ತಿ.