ಕ್ಯಾಶ್ಮೀರ್ ಸ್ವೆಟರ್: ಕೊಳ್ಳುವಾಗ, ಒಗೆಯುವಾಗ

ಕ್ಯಾಶ್ಮೀರ್ ಎಂದರೆ ಮೇಕೆಯ ಒಳತುಪ್ಪಳದ ಉಣ್ಣೆ. ಅಂಗಡಿಯಲ್ಲಿ ಮೊದಲು ಒಳಗಿನ ಲೇಬಲ್ ಓದಿ. ‘100% ಕ್ಯಾಶ್ಮೀರ್’ ಬೇರೆ, ‘ಕ್ಯಾಶ್ಮೀರ್ ಮಿಶ್ರಣ’ ಬೇರೆ. ಎರಡನೆಯದರಲ್ಲಿ 5% ಮಾತ್ರ ಇದ್ದರೂ ಇದ್ದೀತು. ಎಳೆ ಸುಟ್ಟು ತೋರಿಸುವ ವ್ಯಾಪಾರಿಯನ್ನು ನಂಬಬೇಡಿ. ಅಕ್ರಿಲಿಕ್ ಅಲ್ಲ ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ. ಕುರಿಯ ಉಣ್ಣೆ ಸುಟ್ಟರೂ ಅದೇ ಕೂದಲು ಸುಟ್ಟ ವಾಸನೆ.

ತೀರಾ ಮೆತ್ತಗಿದೆ ಎಂದು ಮರುಳಾಗುವುದೂ ಬೇಡ. ಮೇಕೆಯ ಒಳತುಪ್ಪಳದ ಗಿಡ್ಡ ಎಳೆಗಳನ್ನು ಬಳಸಿ, ಮೇಲ್ಮೈಯನ್ನು ಉಜ್ಜಿ ನವಿರೆಬ್ಬಿಸಿದರೆ ಅಂಗಡಿಯಲ್ಲಿ ಹಿತವೆನಿಸುತ್ತದೆ, ತಿಂಗಳೊಳಗೆ ಮೈತುಂಬ ಗುಂಜು. ಅಂಗೈಯಿಂದ ಹತ್ತು ಸಲ ಉಜ್ಜಿ ನೋಡಿ. ಎಳೆ ಎದ್ದು ಉಂಡೆಗಟ್ಟಿದರೆ ಬಿಟ್ಟುಬಿಡಿ. ಕೈತುದಿಯ ಪಟ್ಟಿ ಎಳೆದು ಬಿಟ್ಟರೆ ತಕ್ಷಣ ಮೊದಲಿನಂತಾಗಬೇಕು. ಎರಡೆಳೆ ಹೊಸೆದ ನೂಲಿನದು ಹೆಚ್ಚು ಬಾಳುತ್ತದೆ.

ಒಗೆಯಲು ಅರ್ಧ ಬಕೆಟ್ ತಣ್ಣೀರು (30 ಡಿಗ್ರಿ ಮೀರದಿರಲಿ), ಒಂದು ಟೀ ಚಮಚ ಬೇಬಿ ಶಾಂಪೂ ಸಾಕು. ಒಳಮೈ ಹೊರಗೆ ಮಾಡಿ ಐದು ನಿಮಿಷ ಅದ್ದಿ, ಮೆಲ್ಲಗೆ ಒತ್ತಿ. ಬಿಸಿ ಮತ್ತು ತಿಕ್ಕಾಟ ಸೇರಿದರೆ ಎಳೆಗಳ ಮೇಲಿನ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕಂಬಳಿಯಂತೆ ಕುಗ್ಗುತ್ತದೆ, ಮತ್ತೆ ಸರಿಹೋಗದು. ಎನ್‌ಜೈಮ್ (ಪ್ರೋಟೀನಿನ ಕಲೆ ಕರಗಿಸುವ ವಸ್ತು) ಇರುವ ಡಿಟರ್ಜೆಂಟಂತೂ ಕೂಡದು. ಕೂದಲೂ ಪ್ರೋಟೀನೇ, ಅದನ್ನೂ ತಿನ್ನುತ್ತದೆ. ಹಿಂಡದೆ ಟವೆಲಿನಲ್ಲಿ ಸುರುಳಿ ಸುತ್ತಿ ನೀರು ಹೀರಿಸಿ, ನೆರಳಲ್ಲಿ ಮಟ್ಟಸವಾಗಿ ಹರಡಿ. ಹಗ್ಗಕ್ಕೆ ಹಾಕಿದರೆ ತೋಳು ಜೋಲುತ್ತದೆ.

ಗುಂಜನ್ನು ಕಿತ್ತರೆ ಒಳ್ಳೆಯ ಎಳೆಯೂ ಬರುತ್ತದೆ. ಬಾಚಣಿಗೆಯಿಂದ ಒಂದೇ ದಿಕ್ಕಿಗೆ ತೆಗೆಯಿರಿ.

ಬೆವರು, ಸಾರಿನ ಕಲೆ ಇದ್ದಲ್ಲೇ ನುಸಿಹುಳು ಮೊದಲು ತಿನ್ನುವುದು. ಆದ್ದರಿಂದ ಮಳೆಗಾಲಕ್ಕೆ ಮೊದಲೇ ಒಗೆದು, ಪೂರ್ತಿ ಒಣಗಿಸಿ, ಮಡಿಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ತೂತು ಕಂಡರೆ, ಹುಳು ಸಾಯಲೆಂದು ಗಾಳಿಯಾಡದ ಚೀಲಕ್ಕೆ ಹಾಕಿ ಎರಡು ವಾರ ಫ್ರೀಜರಿನಲ್ಲಿಡಿ.